ಒಂದು ಸೈಜ್ ದೊಡ್ಡದು

"ಇದು ಮಗುವಿನ ಈಗಿನ ಅಳತೆಗೆ ಸರಿಯಾಗುತ್ತೆ. ಅದು ಒಂದು ಸೈಜ್ ದೊಡ್ಡದು, ಪಟ್ಟಿ ಬಿಗಿ ಮಾಡಿದ್ರೆ ಈಗಲೂ ನಡೆಯುತ್ತೆ. ಯಾವುದು ಕೊಡ್ಲಿ?" ಎಂದು ಫಿಸಿಯೋಥೆರಪಿ ಮೇಡಂ ಎರಡು ಜಾಕೆಟ್‌ಗಳನ್ನು ಮೇಜಿನ ಮೇಲಿಟ್ಟರು. ಆಯುಸ್ಸನ್ನೇ ಕುಗ್ಗಿಸುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆಯಿಂದ ಪುಟ್ಟಿಯ ಎದೆಯಲ್ಲಿ ಅಂಟಂಟಾಗಿ ಕಟ್ಟುವ ಕಫವನ್ನು ಗಡಗಡ ಅಲುಗಾಡಿಸಿ ಸಡಿಲಿಸುವ ಜಾಕೆಟ್ ಅದು. ಹೊಲಿಗೆಯೇ ಕಸುಬಾಗಿದ್ದ ಅಮ್ಮ ಚಿಕ್ಕದನ್ನೆತ್ತಿ, ಒಳಗು ಹೊರಗು ಮಾಡಿ ನೋಡಿದಳು. "ಹೊಲಿಗೆ ಗಟ್ಟಿಯಾಗಿದೆ. ಇದೇ ಸಾಕು ಬಿಡಿ."

"ಅದು ಬೇಡಮ್ಮ, ದೊಡ್ಡದು ತಗೋ," ಎಂದಳು ಎಂಟು ವರ್ಷದ ಪುಟ್ಟಿ. "ಮುಂದಿನ ವರ್ಷಕ್ಕೆ ನಾನು ಬೆಳೆದುಬಿಡ್ತೀನಲ್ಲ. ಬೇರೆಯವರ ಫ್ರಾಕಿಗೆಲ್ಲ ನೀನು ಒಳಗೆ ಬಟ್ಟೆ ಬಿಟ್ಟು ಹೊಲೀತೀಯ, ಆಮೇಲೆ ಬಿಚ್ಚಿ ಉದ್ದ ಮಾಡಿಕೊಡ್ತೀಯ. ನಂದಕ್ಕೆ ಮಾತ್ರ ಯಾಕೆ ಬಿಡಲ್ಲ?"

ಅಮ್ಮನ ಕೈ ಅಲ್ಲೇ ನಿಂತಿತು. ಬೀದಿಯ ಮಕ್ಕಳಿಗೆಲ್ಲ ಎರಡು ಬೆರಳಗಲ ಬಟ್ಟೆ ಮಡಚಿ ಹೊಲಿಯುತ್ತಿದ್ದವಳು ಮಗಳ ಫ್ರಾಕನ್ನು ಮಾತ್ರ ಆ ದಿನದ ಮೈಗೆ ತಕ್ಕಷ್ಟೇ ಕತ್ತರಿಸುತ್ತಿದ್ದಳು. ಯಾಕೆಂದು ತನ್ನನ್ನು ತಾನೇ ಕೇಳಿಕೊಳ್ಳುವ ಧೈರ್ಯ ಅವಳಿಗೆ ಯಾವತ್ತೂ ಬಂದಿರಲಿಲ್ಲ. ಮಗಳು ಇದನ್ನೆಲ್ಲ ಗಮನಿಸುತ್ತಿದ್ದಾಳೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅಮ್ಮ ಚಿಕ್ಕ ಜಾಕೆಟನ್ನು ಮೇಜಿನಾಚೆಗೆ ಸರಿಸಿ, ದೊಡ್ಡದನ್ನು ಪುಟ್ಟಿಗೆ ತೊಡಿಸಿ, ಮಂಡಿಯೂರಿ ಕುಳಿತು ಪಟ್ಟಿಗಳನ್ನು ಒಂದೊಂದಾಗಿ ಬಿಗಿ ಮಾಡಿದಳು. ಎಲ್ಲ ಬಿಗಿಯಾದ ಮೇಲೂ ಗೇಣುದ್ದ ಪಟ್ಟಿ ಮಿಕ್ಕಿ ನೇತಾಡುತ್ತಿತ್ತು. ಅಮ್ಮ ಅದನ್ನು ಬೆರಳಲ್ಲಿ ಹಿಡಿದು ಮೇಡಂಗೆ ತೋರಿಸಿದಳು.

"ಇದೇ ಕೊಡಿ ಮೇಡಂ. ನಮ್ಮ ಪುಟ್ಟಿ ಇನ್ನೂ ಇಷ್ಟು ಬೆಳೀಬೇಕು."