ಸ್ಟಾರ್ಟ್ ಆಗದ ವ್ಯಾನ್

ಮಾವ ತೀರಿಕೊಂಡ ಮೇಲೆ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ವ್ಯಾನನ್ನು ಅವಳು ಮೊಬೈಲಿನಲ್ಲಿ ವೀಡಿಯೊ ನೋಡುತ್ತ ತಾನೇ ರಿಪೇರಿ ಮಾಡಿದಳು. ಹುಚ್ಚು ಎಂದು ಗಂಡ ನಗುತ್ತಿದ್ದ. ಅದು ಓಡುವಂತಾದರೆ ಮಗಳನ್ನು ಕೂರಿಸಿಕೊಂಡು ಅವನ ಹೊಡೆತದಿಂದ ದೂರ ಹೋಗಿಬಿಡುವುದೆಂದು ಅತ್ತೆಗೆ ಮಾತ್ರ ಹೇಳಿದ್ದಳು. ಅತ್ತೆ ಬೇಡವೆನ್ನಲಿಲ್ಲ. ಬ್ರೇಕ್ ಸರಿಮಾಡುವಾಗ ಪೆಡಲ್ ತುಳಿದುಕೊಟ್ಟರು, ಸೊಸೆಯ ಊದಿದ ಕೆನ್ನೆಗೆ ಅರಿಶಿನ ಹಚ್ಚಿದರು.

ನಿನ್ನೆ ಮಧ್ಯಾಹ್ನ ಕೊನೆಗೂ ಎಂಜಿನ್ ಗುರುಗುಟ್ಟಿತು. ಮಗಳು ಶಾಲೆಯಲ್ಲಿದ್ದಳು. ಇವತ್ತು ಗಂಡ ಕೆಲಸಕ್ಕೆ ಹೋದ ಕೂಡಲೇ ಮಗಳನ್ನು ಹತ್ತಿಸಿ ಕೀ ತಿರುಗಿಸಿದಳು. ಸ್ಟಾರ್ಟ್ ಆಗಲಿಲ್ಲ. ಮುಚ್ಚಳ ತೆಗೆದು ನೋಡಿದರೆ, ಪ್ಲಗ್‌ಗಳಿಗೆ ಕಿಡಿ ಹಂಚುವ ಪುಟ್ಟ ರೋಟರ್ ಇರಲಿಲ್ಲ.

"ನಿಮ್ಮ ಮಗನಿಗೆ ಗೊತ್ತಾಗಿಬಿಟ್ಟಿದೆ, ಅತ್ತೆ. ಕಿತ್ತಿಟ್ಟಿದ್ದಾರೆ."

"ಅವನಾ? ಅವನಿಗೆ ಸ್ಟೆಪ್ನಿ ಬದಲಾಯಿಸೋಕೂ ಬರಲ್ಲ. ನಿಮ್ಮ ಮಾವ ಮಾತ್ರ, ಕಳ್ಳರು ಒಯ್ಯಬಾರದು ಅಂತ ದಿನಾ ರಾತ್ರಿ ಅದನ್ನ ತೆಗೆದು ನನ್ನ ಕೈಗೆ ಕೊಡೋರು."

ಅವಳು ಅತ್ತೆಯ ಬಿಗಿದ ಮುಷ್ಟಿಯನ್ನು ನೋಡಿದಳು.

"ಕೊಡಿ ಅತ್ತೆ. ನಿಮ್ಮ ದಮ್ಮಯ್ಯ. ಮಗು ಕೂತಿದೆ."

"ನೀನು ಸೊಸೆಯಾಗಿ ಬರೋವರೆಗೂ," ಎಂದರು ಅತ್ತೆ, "ಅವನು ಹೊಡೀತಿದ್ದದ್ದು ನನ್ನನ್ನ."