ಜೋಳ ಇಪ್ಪತ್ತೊಂದು, ಅವರೆ ಇಪ್ಪತ್ತು

"ದೇವರ ಕೃಪೆ ನಿನಗೆ ಯಾವತ್ತು ಸಿಕ್ತು, ಜೆರೆಡ್?" ಪಾದ್ರಿ ಸ್ಟೆಬಿನ್ಸ್ ಕೇಳಿದರು.

ಚರ್ಚಿನ ಸಭೆ ಅವನತ್ತ ತಿರುಗಿತು. ಪೀಪಾಯಿ ಮಾಡುವ ಜೆರೆಡ್ ಪೂಲ್ ಟೋಪಿಯನ್ನು ಎದೆಗೆ ಒತ್ತಿ ನಿಂತಿದ್ದ. ಹನ್ನೊಂದು ವರ್ಷ ಈ ಪ್ರಶ್ನೆಗೆ ಅವನದು ಒಂದೇ ಉತ್ತರ: "ಇನ್ನೂ ಸಿಕ್ಕಿಲ್ಲ ಅಯ್ಯನೋರೇ. ಸಿಕ್ತು ಅಂದ್ರೆ ಸುಳ್ಳಾಗುತ್ತೆ." ಹಾಗೆಂದವನು ಸಭೆಯ ಸದಸ್ಯನಾಗುವಂತಿಲ್ಲ. ಸದಸ್ಯನಲ್ಲದವನಿಗೆ ಮತವಿಲ್ಲ. ಆಗಿನ ಮ್ಯಾಸಚೂಸೆಟ್ಸ್‌ನಲ್ಲಿ ದೇವರ ಮನೆಯನ್ನು ದಾಟಿಯೇ ಚುನಾವಣೆಯ ಮಡಕೆಯ ಹತ್ತಿರ ಹೋಗಬೇಕು. ಬಾಯಿಪಾಠ ಒಪ್ಪಿಸಿ ದಾಟಿದವರು ಊರಲ್ಲಿ ಬೇಕಾದಷ್ಟಿದ್ದರು. ಜೆರೆಡ್‌ಗೆ ಆ ವಿದ್ಯೆ ಬರಲಿಲ್ಲ. ಸೋರುವ ಪೀಪಾಯಿಯನ್ನು ಸೋರುತ್ತದೆ ಎಂದು ಹೇಳಿಯೇ ಮಾರುವ ಪೆದ್ದ.

ಈ ಸಲ ತಾನಾಗಿಯೇ ಬಂದು ನಿಂತಿದ್ದ. ಚುನಾವಣೆಗೆ ಇನ್ನು ನಾಲ್ಕೇ ದಿನ.

"ಮಗಳಿಗೆ ಬಾಗಿಲು ಹಾಕಿದ ದಿನ ಸಿಕ್ತು" ಎಂದ.

ಅವನಿಗಿದ್ದದ್ದು ಒಬ್ಬಳೇ ಮಗಳು, ಹೆಪ್ಸಿ. ತಾಯಿಯಿಲ್ಲದೆ ಬೆಳೆದವಳು. ಅಲ್ಲಿ ನಿಷೇಧವಿದ್ದ ಕ್ವೇಕರ್ ಪಂಥ ಸೇರಿದಳೆಂದು ಎರಡು ಸಲ ಗಡೀಪಾರು ಮಾಡಿದ್ದರು. ಎರಡು ಸಲವೂ ಅಪ್ಪನನ್ನು ನೋಡದೆ ಇರಲಾರೆನೆಂದು ಮರಳಿ ಬಂದಳು. ಎರಡನೆಯ ಸಲ ಮರಳಿದವಳಿಗೆ ಕಾನೂನು ಇಟ್ಟಿದ್ದು ನೇಣು. ಸಭಾಮಂದಿರದ ಗೋಡೆಯಾಚೆಯೇ ಅವಳಿದ್ದ ಸೆರೆಮನೆ. ಅದರ ಕಿಟಕಿಗೆ ಗಾಜಿಲ್ಲ, ಬರೀ ಸರಳು. ಇಲ್ಲಿ ಕೆಮ್ಮಿದರೆ ಅಲ್ಲಿಗೆ ಕೇಳುತ್ತದೆ.

"ಎಲ್ಲರಿಗೂ ಕೇಳೋ ಹಾಗೆ ಹೇಳು" ಎಂದರು ಪಾದ್ರಿ.

"ನನಗೆ ಮಗಳಿಲ್ಲ" ಎಂದ ಜೆರೆಡ್, ಜೋರಾಗಿ. "ಕಾನೂನು ಏನು ಕೊಡುತ್ತೋ ಅದೇ ಅವಳಿಗೆ ನ್ಯಾಯ. ದೇವರ ಸಾಕ್ಷಿಯಾಗಿ ಹೇಳ್ತಿದೀನಿ."

ಗೋಡೆಯಾಚೆ ಬೆಳಗಿನಿಂದ ಕೈದಿ ಸೆಣಬು ಬಡಿಯುವ ಸದ್ದು ಬರುತ್ತಿತ್ತು. ಅದು ನಿಂತಿತು.

ಹೆಂಗಸರು ಕಣ್ಣೊರೆಸಿಕೊಂಡರು. ಹಿರಿಯರು ಕೈಯೆತ್ತಿ ಅವನನ್ನು ಸದಸ್ಯನನ್ನಾಗಿ ಒಪ್ಪಿಕೊಂಡರು.

"ನೆನಪಿರಲಿ" ಎಂದರು ಪಾದ್ರಿ. "ಹೋದ ವರ್ಷ ಹಾಬ್ಸ್ ಇಲ್ಲಿ ನಿಂತು ಹೇಳಿದ್ದು ಸುಳ್ಳು ಅಂತ ಆಮೇಲೆ ಗೊತ್ತಾಯ್ತು. ಅವನನ್ನ ಹೊರಗೆ ಹಾಕಿ, ಅವನು ಮತ ಹಾಕಿದ್ದ ಚುನಾವಣೇನೂ ರದ್ದು ಮಾಡಬೇಕಾಯ್ತು."

"ಗೊತ್ತು ಅಯ್ಯನೋರೇ."

ಮತಕ್ಕಾಗಿ ಮಗಳನ್ನು ಮಾರಿಕೊಂಡ ಎಂದು ಮನೆಗೆ ಹೋಗುತ್ತಾ ಮಾತಾಡಿಕೊಂಡವರು, ಕಣ್ಣೊರೆಸಿಕೊಂಡ ಅದೇ ಹೆಂಗಸರು.

ಚುನಾವಣೆಯ ದಿನ ಮೇಜಿನ ಮೇಲೆ ಮಣ್ಣಿನ ಮಡಕೆ ಇಟ್ಟರು. ಬಾಸ್ಟನ್ನಿನ ಶಾಸನಸಭೆಗೆ ಊರಿನ ಪ್ರತಿನಿಧಿಯಾಗಿ ಮುದುಕ ಟಿಲ್ಟನ್‌ನೇ ಇರಲಿ ಎನ್ನುವವರು ಮೆಕ್ಕೆಜೋಳದ ಕಾಳು ಹಾಕಬೇಕು. ಬೇಡ ಎನ್ನುವವರು ಅವರೆಕಾಳು. ಟಿಲ್ಟನ್ 'ಈ ನೇಣು ಸಾಕು ಮಾಡಿ' ಎಂದು ಬೇಡುತ್ತಿದ್ದವನು. ಅವನು ಸೋತರೆ ಆ ಜಾಗಕ್ಕೆ ಕ್ಯಾಪ್ಟನ್ ಬ್ರಾಕ್. ಬ್ರಾಕ್‌ಗೆ ಹಗ್ಗವೇ ಧರ್ಮ.

ಜೆರೆಡ್‌ನ ಸರದಿ ಬಂತು. ಅವನ ಬಲಗೈ ಬೆಳಗಿನಿಂದ ಜೇಬಿನಲ್ಲೇ ಇತ್ತು. ಬ್ರಾಕ್ ಅವನ ಎಡಗೈ ಹಿಡಿದೆಳೆದು, ಕೆಂಪು ಚುಕ್ಕೆಯ ಒಂದು ಅವರೆಕಾಳನ್ನು ಅಂಗೈಯಲ್ಲಿಟ್ಟ.

"ತಗೋ ಜೆರೆಡಣ್ಣ. ಹನ್ನೊಂದು ವರ್ಷ ಕಾದೋನು ಬರಿಗೈಲಿ ಬರೋದಾ?"

ಎಲ್ಲರೂ ನಕ್ಕರು. "ಉಪಕಾರ ಆಯ್ತು" ಎಂದ ಜೆರೆಡ್. ಮಡಕೆಯೊಳಗೆ ಕೈ ಇಳಿಸಿದ, ತೆಗೆದ, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಜೋಳ ಇಪ್ಪತ್ತೊಂದು, ಅವರೆ ಇಪ್ಪತ್ತು. ಒಂದೇ ಕಾಳಿನಲ್ಲಿ ಟಿಲ್ಟನ್ ಗೆದ್ದ.

"ಆ ಪೆದ್ದನ ಕಾಳು ಸೇರಿದ್ರೂ ಸಾಲಲಿಲ್ವಲ್ಲ!" ಬ್ರಾಕ್ ಹಲ್ಲು ಕಡಿದ.

ಹತ್ತನೆಯ ದಿನ ಟಿಲ್ಟನ್ ಬಾಸ್ಟನ್ನಿಂದ ಕಾಗದ ತಂದ. ಕಾಡಿ ಬೇಡಿ ಬರೆಸಿಕೊಂಡು ಬಂದಿದ್ದ. ಹೆಪ್ಸಿ ಒಪ್ಪಿದರೆ, ಹೆತ್ತ ತಂದೆಯ ಜೊತೆ ಹಡಗು ಹತ್ತಿ ಎಂದೆಂದಿಗೂ ಹೊರಟುಹೋಗಬಹುದು. ಒಪ್ಪದಿದ್ದರೆ ಶುಕ್ರವಾರ ನೇಣು.

ಸಾಕ್ಷಿಗೆಂದು ಪಾದ್ರಿಯೂ ಜೆರೆಡ್‌ನ ಜೊತೆ ಸೆರೆಮನೆಗೆ ಹೋದರು. ಸೆಣಬು ಬಡಿದು ಹೆಪ್ಸಿಯ ಕೈತುಂಬ ಬೊಬ್ಬೆ. ಅವಳು ಗೋಡೆಯ ಕಡೆ ತಿರುಗಿ ಕೂತಿದ್ದಳು.

"ಬಾ ಹೆಪ್ಸಿ. ಹೋಗೋಣ."

"ಒಂದು ಮಾತು ಕೇಳ್ತೀನಿ. ಅವತ್ತು ಅಷ್ಟು ಜನರ ಎದುರು ಹೇಳಿದ್ದು ನಿಜಾನಾ?"

ಜೆರೆಡ್ ಪಾದ್ರಿಯ ಕಡೆ ನೋಡಿದ. ಟಿಲ್ಟನ್ ತಂದ ಕಾಗದ ಹಿಡಿದ ಪಾದ್ರಿ ಅವನ ಬಾಯನ್ನೇ ನೋಡುತ್ತಿದ್ದರು.

"ನಿಜ" ಎಂದ. ಮರುಕ್ಷಣ ಕುಸಿದು ಅವಳ ಲಂಗದ ಅಂಚು ಹಿಡಿದುಕೊಂಡ. "ಆದ್ರೂ ಬಾರೇ, ನಮ್ಮವ್ವ. ಬೈಕೋ, ಹೊಡಿ, ಬಂದುಬಿಡು."

"ನೀನು ಯಾವತ್ತೂ ಸುಳ್ಳು ಹೇಳಿದೋನಲ್ಲ" ಎಂದಳು ಹೆಪ್ಸಿ. ಗೋಡೆಯಿಂದ ಮುಖ ತಿರುಗಿಸಲಿಲ್ಲ. "ಮಗಳಿಲ್ಲ ಅಂದೋನ ಜೊತೆ ನಾನು ಯಾರಾಗಿ ಬರ್ಲಿ? ಹೋಗು."

ಶುಕ್ರವಾರ ಜಿಟಿಜಿಟಿ ಮಳೆ. ಅವಳ ಶವಪೆಟ್ಟಿಗೆಯನ್ನು ಜೆರೆಡ್ ತಾನೇ ಮಾಡಿದ, ಒಂದು ಸಂದಿಯೂ ಇಲ್ಲದ ಹಾಗೆ, ಒಂದು ಹನಿಯೂ ಒಳಗಿಳಿಯದ ಹಾಗೆ. ಯಾರೂ ಹೆಗಲು ಕೊಡಲಿಲ್ಲ. ಎಂಥ ಕಟುಕನಪ್ಪ, ಈಗ ಅಳುತ್ತಾನೆ ಎಂದರು.

ಸಂಜೆ ಪಕ್ಕದ ಮನೆಯ ಮುದುಕಿ ಟ್ರಾಸ್ಕ್ ಮನಸ್ಸು ತಡೆಯದೆ ಗಂಜಿ ತಂದಳು. ಒಲೆಯ ಮುಂದೆ ಕಲ್ಲಾಗಿ ಕೂತವನ ಮೈಮೇಲಿನ ಒದ್ದೆ ಕೋಟನ್ನು ಬಿಚ್ಚಿ, ಒಣಹಾಕಲು ಕೊಡವಿದಳು.

ಎಡಜೇಬಿನಿಂದ ಕೆಂಪು ಚುಕ್ಕೆಯ ಒಂದು ಅವರೆಕಾಳು ನೆಲಕ್ಕೆ ಬಿತ್ತು.