ಗಾಳಿಮನುಷ್ಯ ಅಡ್ಡಬಿದ್ದ

ಅಣ್ಣನ ಬಕೆಟ್ ಅಂಗಡಿಯ ಮುಂದೆ ಎದ್ದು ನಿಂತ ಗಾಳಿಮನುಷ್ಯ ಮಾಡಿದ ಮೊದಲ ಕೆಲಸವೆಂದರೆ, ರಸ್ತೆಯಾಚೆಗಿನ ತಮ್ಮನ ಚಪ್ಪಲಿ ಅಂಗಡಿಗೆ ನಡು ಬಗ್ಗಿಸಿ ನಮಸ್ಕಾರ ಹಾಕಿದ್ದು. ಒಂದು ಸಲವಾದರೆ ಹೋಗಲಿ ಬಿಡಿ ಎನ್ನಬಹುದಿತ್ತು. ಏಳುವುದು, ಬಗ್ಗುವುದು, ಮತ್ತೆ ಏಳುವುದು, ಮತ್ತೆ ಬಗ್ಗುವುದು. ಗಿರಾಕಿಗಳನ್ನು ಕೈಬೀಸಿ ಕರೆಯಲಿ ಎಂದು ಅಣ್ಣ ಅದನ್ನು ಬಾಡಿಗೆಗೆ ತಂದಿದ್ದ. ಬುಡದಲ್ಲಿ ಗಾಳಿ ಊದುವ ಯಂತ್ರ, ಅದರ ಮೇಲೆ ಮೂರಾಳೆತ್ತರದ ಕೆಂಪು ಬಟ್ಟೆಯ ಕೊಳವೆ, ಜೋಲಾಡುವ ಎರಡು ಕೈ, ಹಲ್ಲು ಕಿರಿದ ಮುಖ.

ಬೀದಿಗೆ ಇಷ್ಟು ಸಾಕಾಯಿತು. ಅಣ್ಣತಮ್ಮಂದಿರು ಮಾತು ಬಿಟ್ಟು ಮೂರು ವರ್ಷವಾಯಿತೆಂಬುದು ಅಲ್ಲಿನ ನಾಯಿಗಳಿಗೂ ಗೊತ್ತು. ಕಾರಣ ಕೇಳಿದರೆ ನಗುತ್ತೀರಿ. ಅಪ್ಪನ ಅಂಗಡಿ ಪಾಲಾದಾಗ ಎಲ್ಲವೂ ಸಲೀಸಾಗಿ ಹಂಚಿಹೋಗಿ ಕೊನೆಗೊಂದು ಟೇಬಲ್ ಫ್ಯಾನು ಉಳಿಯಿತು. ಅದೂ ಕತ್ತು ತಿರುಗದ ಫ್ಯಾನು. ಅಣ್ಣ ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ. "ಅಪ್ಪನ ಗಾಳೀನೂ ನೀನೇ ನುಂಗ್ದೆ" ಎಂದ ತಮ್ಮ. ಅಂದಿನಿಂದ ಮೊದಲು ಯಾರು ತಲೆ ಬಗ್ಗಿಸುತ್ತಾರೋ ಅವರು ಸೋತಂತೆ. ಈಗ ಅಣ್ಣನ ಮಗಳ ಮದುವೆ ಹತ್ತಿರ ಬಂದಿತ್ತು. ಚಿಕ್ಕಪ್ಪ ಬರದಿದ್ದರೆ ಮದುವೆಯೇ ಬೇಡ ಎಂದು ಹುಡುಗಿ ಹಟ ಹಿಡಿದು ಕೂತಿದ್ದಳು. ಕರೆಯಲು ಹೋಗುವುದೆಂದರೆ ತಲೆ ಬಗ್ಗಿಸುವುದೇ ಅಲ್ಲವೆ? ಅಣ್ಣನಿಗೆ ತಮ್ಮನನ್ನು ಕಂಡರೆ ಪ್ರಾಣ. ಆದರೆ ಕತ್ತು ಮಾತ್ರ ಆ ಫ್ಯಾನಿನದೇ.

ಬಕೆಟ್ ರಾಶಿಯ ಹಿಂದೆ ಹೆಂಡತಿ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೂರು ವರ್ಷದಿಂದ ನಿಮ್ಮ ಕೈಲಾಗದೇ ಇದ್ದದ್ದನ್ನ ಅದು ಒಂದೇ ಉಸಿರಿಗೆ ಮಾಡಿಬಿಡ್ತಲ್ರೀ!"

ಅಣ್ಣ ಗಾಳಿಮನುಷ್ಯನನ್ನು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದ. ಅದು ಆಕಾಶ ನೋಡಿ ಹಲ್ಲು ಕಿರಿಯುತ್ತ ಹಿಮ್ಮುಖವಾಗಿ ಅತ್ತಲೇ ಬಗ್ಗಿತು. ಮರ್ಯಾದೆ ಇನ್ನಷ್ಟು ಹೋಯಿತೆಂದು ಮೊದಲಿನಂತೇ ತಿರುಗಿಸಿ ಸೊಂಟಕ್ಕೆ ಹಗ್ಗ ಬಿಗಿದು ಹಿಡಿದ. ಸೊಂಟವೇನೋ ನಿಂತಿತು. ಸೊಂಟದಿಂದ ಮೇಲಿನದು ಇನ್ನೂ ಭಕ್ತಿಯಿಂದ ಬಗ್ಗಿತು. ಸಿಟ್ಟಿಗೆ ಯಂತ್ರದ ಗಾಳಿ ಏರಿಸಿದರೆ, ಎರಡೂ ಕೈ ಚಾಚಿ ತಮ್ಮನ ಅಂಗಡಿಯನ್ನು ತಬ್ಬಿಕೊಳ್ಳಲು ಹೊರಟಿತು. ಅದರದೇನು ತಪ್ಪು? ಆ ಊರಿನ ಗಾಳಿಗೆ ಅದರದೇ ಶಿಸ್ತು. ಬೆಳಿಗ್ಗೆ ನೆಲದಿಂದ ಕಡಲಿಗೆ ಬೀಸುತ್ತದೆ, ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ನೆಲಕ್ಕೆ. ಕಡಲು ಇದ್ದದ್ದು ತಮ್ಮನ ಅಂಗಡಿಯ ಬೆನ್ನಿಗೆ.

"ಮಧ್ಯಾಹ್ನದವರೆಗೆ ಅದನ್ನ ಆರಿಸಿಡಿ ಮಾರಾಯ್ರೇ. ಗಾಳಿ ತಿರುಗಿದ ಮೇಲೆ ನಮ್ಮ ಕಡೆಗೇ ಬಗ್ಗುತ್ತೆ" ಎಂದಳು ಹೆಂಡತಿ. ಅವಳ ಮಾತಿನಲ್ಲಿ ನ್ಯಾಯವಿತ್ತು. ಅಣ್ಣ ಹಗ್ಗ ಬಿಚ್ಚಿ ಸ್ವಿಚ್ ಆರಿಸಿದ.

ಕೆಟ್ಟದ್ದು ಅಲ್ಲೇ. ಇದ್ದ ಜಾಗದಲ್ಲೇ ಮುದುಡಿ ಕೂರಬೇಕಾಗಿದ್ದ ಗಾಳಿಮನುಷ್ಯ, ಬೆನ್ನ ಹಿಂದಿನಿಂದ ಬೀಸಿದ ಗಾಳಿಗೆ ಸಿಕ್ಕಿ ಮೊದಲು ಮಂಡಿ ಮಡಚಿದ. ಆಮೇಲೆ ಸೊಂಟ, ಆಮೇಲೆ ಎದೆ. ಕೈಗಳನ್ನು ಮುಂದೆ ಚಾಚಿ ಆ ಕಿರಿದಾದ ರಸ್ತೆಯ ಆಚೆಬದಿಯವರೆಗೂ ದಬಕ್ಕನೆ ಅಡ್ಡಬಿದ್ದ. ತಲೆ ಹೋಗಿ ತಮ್ಮನ ಅಂಗಡಿಯ ಮೆಟ್ಟಿಲ ಮೇಲಿನ ಹೊಸ ಚಪ್ಪಲಿಗಳ ಮೇಲೆ ಕೂತಿತು. ಸೈಕಲ್ಲಿನವನೊಬ್ಬ ಇಳಿದು ನಿಂತ. ಅಣ್ಣ ಬಕೆಟ್ಟುಗಳ ನಡುವೆ ಅಡಗಲು ಜಾಗ ಹುಡುಕಿದ.

ತಮ್ಮ ಹೊರಗೆ ಬಂದ. ಕಾಲಬುಡದ ಕೆಂಪು ತಲೆಯನ್ನು ನೋಡಿದ. ಚಪ್ಪಲಿ ಒರೆಸುವ ಬಟ್ಟೆಯಲ್ಲೇ ಅದರ ಮುಖದ ಧೂಳು ಒರೆಸಿ, ಎರಡೂ ಕೈಯಿಂದ ಬಾಚಿ ಎತ್ತಿಕೊಂಡ. ಒಳಗೆ ಉಳಿದಿದ್ದ ಗಾಳಿ ಉಸ್ಸೆಂದು ಅವನ ಮುಖಕ್ಕೇ ಬಡಿಯಿತು. ಹಾಗೇ ಹೊತ್ತುಕೊಂಡು ರಸ್ತೆ ದಾಟಿ, ಮೂರು ವರ್ಷದಿಂದ ಹತ್ತದ ಮೆಟ್ಟಿಲು ಹತ್ತಿದ.

"ಇಷ್ಟೆಲ್ಲಾ ಯಾಕಣ್ಣ? ಒಂದು ಮಾತು ಹೇಳಿ ಕಳಿಸಿದ್ರೆ ನಾನು ಬರ್ತಿರ್ಲಿಲ್ವಾ?"

ಅದು ಗಾಳಿ ಕಣೋ, ನಾನಲ್ಲ ಎಂಬ ಮಾತು ಅಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿ ಅವನ ಕಾಲನ್ನು ಬಲವಾಗಿ ತುಳಿದಳು. ಅಣ್ಣ ಮಾತು ನುಂಗಿದ.

"ಮಗಳ ಮದುವೆ ಕಣೋ. ನೀನೇ ಮುಂದೆ ನಿಂತು ನಡೆಸ್ಬೇಕು."

"ನಾನಲ್ದೆ ಇನ್ಯಾರು ನಡೆಸ್ತಾರೆ?" ಎಂದು ತಮ್ಮ ಗಾಳಿಮನುಷ್ಯನನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತ. ಅತ್ತಿಗೆ ನೀರು ತಂದಳು. ತಮ್ಮನ ಹಣೆಯಲ್ಲಿ ಬೆವರು ಕಂಡು ಅಣ್ಣ ಎದ್ದುಹೋಗಿ, ಅಪ್ಪನ ಫ್ಯಾನನ್ನು ಬುಡಸಮೇತ ಎತ್ತಿ ಅವನ ಕಡೆಗೆ ತಿರುಗಿಸಿಟ್ಟ. ಅದು ಗರಗರ ಸದ್ದು ಮಾಡಿ ಗಾಳಿ ಬೀಸತೊಡಗಿತು.

ಹೊರಡುವಾಗ ತಮ್ಮ ಬಾಗಿಲಲ್ಲಿ ನಿಂತ. ಒಂದು ಕೈಯಲ್ಲಿ ಗಾಳಿಮನುಷ್ಯ, ಇನ್ನೊಂದರಲ್ಲಿ ಅದರ ಯಂತ್ರ.

"ಅದನ್ನೆಲ್ಲಿಗೋ ಒಯ್ತೀಯ?" ಎಂದ ಅಣ್ಣ.

"ಮಧ್ಯಾಹ್ನ ಗಾಳಿ ತಿರುಗುತ್ತಲ್ಲ ಅಣ್ಣ, ಆಗ ನನ್ನ ಅಂಗಡಿ ಮುಂದೆ ನಿಲ್ಲಿಸ್ತೀನಿ. ನಂದೂ ಒಂದು ಬಾಕಿ ಇದೆ."